ಎರಡು ಸಾಲುಗಳ ನಡುವಿನ ಜಾಗ

ಸೋಪಿನ ಕಾರ್ಖಾನೆಯ ಪ್ಯಾಕಿಂಗ್ ಸೂಪರ್‌ವೈಸರ್‌ಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತವರನ್ನು ಕಂಡರೆ ಅವನಿಗೆ ಆಗುತ್ತಿತ್ತು. ಅಂಥವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಂದಿ ಸಿಕ್ಕಿದ್ದರು, ಅಷ್ಟೇ. ಉಳಿದವರೆಲ್ಲ ಅವನ ಪಾಲಿಗೆ ದಂಡಪಿಂಡಗಳು.

ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು ಇರುತ್ತಿತ್ತು. ಬೆಲ್ಟಿನ ಮೇಲೆ ಸಾಲಾಗಿ ಬರುವ ಸೋಪುಗಳ ನಡುವೆ ಇರಬೇಕಾದಷ್ಟು ಅಂತರ ಇದೆಯೇ ಎಂದು ಬಗ್ಗಿ ಅಳೆಯುತ್ತಿದ್ದ. ಸೋಪು ಸರಿಯಾಗಿದ್ದರೆ ಬೆಲ್ಟಿನ ಪಕ್ಕ ನಿಂತ ಹೆಂಗಸರ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಯಾರಾದರೂ ಪಕ್ಕದವಳ ಕಡೆ ವಾಲಿ ಎರಡು ಮಾತಾಡಿದರೆ ಸಾಕು, ಸ್ಕೇಲಿನಿಂದ ಬೆಲ್ಟಿನ ಕಬ್ಬಿಣದ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಹೀಗಾಗಿ ಅವನಿಗೆ ಸ್ಕೇಲಪ್ಪ ಎಂದು ಹೆಸರು ಬಿತ್ತು. ಅದು ಅವನ ಕಿವಿಗೂ ಬಿದ್ದಿತ್ತು. ಹಾಗೆ ಕರೆಯುವವರ ಬಗ್ಗೆ ಕವಡೆ ಕಾಸಿನ ಗೌರವವೂ ಇಲ್ಲದ್ದರಿಂದ ಅವನಿಗೆ ಬೇಜಾರೇನೂ ಆಗಲಿಲ್ಲ.

ಈ ಸ್ಕೇಲಪ್ಪನೇ ಕಾರ್ಖಾನೆಯ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಕೋಚು. ಹರೆಯದಲ್ಲಿ ಅವನೂ ಆಡಿದ್ದನಂತೆ, ಹಿಂದಿನ ಸಾಲಿನ ಬಲತುದಿಯಲ್ಲಿ. ಎಷ್ಟು ಚೆನ್ನಾಗಿ ಆಡಿದ್ದ ಎಂದು ಹೇಳಬಲ್ಲವರು ಈಗ ಅವನೊಬ್ಬನೇ ಉಳಿದಿದ್ದರಿಂದ ಆ ವಿಷಯದಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ.

ಪಾಠ ನಡೆಯುತ್ತಿದ್ದದ್ದು ಕ್ಯಾಂಟೀನಿನ ಉದ್ದ ಮೇಜಿನ ಮೇಲೆ. ಮೂಲೆ ಮುರಿದ, ಮುದ್ರೆ ಸರಿಯಾಗಿ ಬೀಳದ ಸೋಪುಗಳನ್ನು ಒಂದು ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದ. ಬಿಳಿ ಸೋಪು ನಮ್ಮವರು, ಹಸಿರು ಸೋಪು ಎದುರಿನವರು. ಬಿಳಿಯವನ್ನು ಸ್ಕೇಲು ಇಟ್ಟು ಸಾಲು ಮಾಡುತ್ತಿದ್ದ.

"ನೋಡಿ, ಹಿಂದೆ ನಾಲ್ಕು ಜನ. ಮಧ್ಯೆ ನಾಲ್ಕು ಜನ. ಮುಂದೆ ಇಬ್ಬರು. ಎರಡು ಗೋಡೆ, ಅದರ ಮುಂದೆ ಎರಡು ಮೊಳೆ. ಬಾಲು ಆ ಕಡೆ ಹೋದ್ರೆ ಎರಡೂ ಗೋಡೆ ಆ ಕಡೆ ಸರೀಬೇಕು, ಈ ಕಡೆ ಬಂದ್ರೆ ಈ ಕಡೆ. ಗೋಡೆಯಿಂದ ಇಟ್ಟಿಗೆ ಎದ್ದು ಓಡಾಡಕ್ಕೆ ಶುರು ಮಾಡಿದ್ರೆ ಅದು ಗೋಡೆ ಅಲ್ಲ. ಇಷ್ಟೇ ಆಟ. ಇದೂ ತಲೆಗೆ ಹೋಗದೇ ಇರೋರು ಮನೇಲಿ ಕೂತು ಬಟ್ಟೆ ಒಗೀಬಹುದು, ಸೋಪು ನಾನೇ ಕೊಡ್ತೀನಿ."

ಮೊದಲ ಪಾಠದ ದಿನ ಕಾರ್ಖಾನೆಯ ಅಕೌಂಟೆಂಟ್ ಟೀ ಲೋಟ ಹಿಡಿದುಕೊಂಡು ಹಿಂದೆ ನಿಂತಿದ್ದ. ಮೇಜನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದ.

"ಸಾರ್, ನಾಲ್ಕು ನಾಲ್ಕು ಎಂಟು, ಎರಡು ಹತ್ತು. ಟೀಮಲ್ಲಿ ಹನ್ನೊಂದು ಜನ ಅಲ್ವಾ? ಒಬ್ಬರು ಎಲ್ಲಿ ಹೋದ್ರು?"

ಸ್ಕೇಲಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಗೋಲಿ ಇರ್ತಾರಲ್ಲ ರೀ. ಗೋಲ್ ಕಾಯೋರನ್ನ ಲೆಕ್ಕಕ್ಕೆ ಸೇರಿಸಲ್ಲ. ನಿಮಗೆ ಸಂಬಳ ಯಾರು ಕೊಡ್ತಾರೆ?"

ಇಂಥ ಮಾತು ಕೇಳಿದ ಮೇಲೆ ಬೇರೆಯವರಾಗಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಕೌಂಟೆಂಟ್ ಹಾಗಲ್ಲ, ಅವತ್ತಿನಿಂದ ಭಕ್ತನಾದ. ಸ್ಕೇಲಪ್ಪ ಬೆಳಿಗ್ಗೆ ಹೇಳಿದ್ದನ್ನು ಸಂಜೆಯ ಹೊತ್ತಿಗೆ ತನ್ನದೇ ಮಾತಿನಂತೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಸಂಖ್ಯೆಗಳೆಂದರೆ ಅವನಿಗೆ ಮೊದಲೇ ಪ್ರೀತಿ, ಈಗಂತೂ ಮಾತು ಮಾತಿಗೆ ನಾಲ್ಕು-ನಾಲ್ಕು-ಎರಡು. ಸ್ಕೇಲಪ್ಪ ಜಗತ್ತಿನಲ್ಲಿ ಅತಿ ಹೆಚ್ಚು ತಿರಸ್ಕಾರ ಮಾಡುತ್ತಿದ್ದವರ ಪಟ್ಟಿಯಲ್ಲಿ ಈ ಭಕ್ತನೇ ಮೊದಲು.

ಮನೆಯಲ್ಲೂ ಇದೇ ಕಥೆ. ಊಟದ ಮೇಜಿನ ಮೇಲೆ ಸೋಪುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ತಟ್ಟೆ ಇಡಲು ಜಾಗವಿಲ್ಲದೆ ಹೆಂಡತಿ ಗೊಣಗುತ್ತಿದ್ದಳು. "ಇನ್ನು ಊಟದಲ್ಲಿ ನೊರೆ ಬರೋದೊಂದು ಬಾಕಿ," ಎಂದು ಅವಳು ಅಂದರೆ ಇವನು ಕ್ಯಾರೇ ಅನ್ನುತ್ತಿರಲಿಲ್ಲ. ಆಟ ಅರ್ಥವಾಗದವರ ಜೊತೆ ಊಟದ ವಿಷಯ ಮಾತಾಡುವುದು ಏನಿದೆ ಎಂಬ ಧೋರಣೆ.

ಒಬ್ಬಳೇ ಮಗಳು. ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕುರ್ಚಿಯ ಮೇಲೆ ಮಂಡಿಯೂರಿ ಕೂತು, ಬಹಳ ಹೊತ್ತು ಮೇಜನ್ನು ನೋಡಿದಳು. ಆಮೇಲೆ ಒಂದು ಹಸಿರು ಸೋಪನ್ನು ಎತ್ತಿ ಬಿಳಿಯ ಎರಡು ಸಾಲುಗಳ ನಡುವೆ ಇಟ್ಟಳು. ಹಿಂದಿನ ನಾಲ್ವರಿಗಿಂತ ಸ್ವಲ್ಪ ಮುಂದೆ, ಮಧ್ಯದ ನಾಲ್ವರಿಗಿಂತ ಸ್ವಲ್ಪ ಹಿಂದೆ.

"ಅಪ್ಪ, ಇದು ಇಲ್ಲಿ ನಿಂತ್ರೆ ಯಾರು ಹಿಡೀತಾರೆ?"

"ಅಲ್ಲಿ ಯಾರೂ ನಿಲ್ಲಲ್ಲ."

"ನಿಂತ್ರೆ?"

"ಅಲ್ಲಿ ನಿಲ್ಲೋರು ಕೆಲಸಗಳ್ಳರು. ಊಟ ಮಾಡು." ಸ್ಕೇಲಿನ ತುದಿಯಿಂದ ಆ ಸೋಪನ್ನು ಮೇಜಿನ ಆಚೆಗೆ ತಳ್ಳಿದ. ಅದು ನೆಲಕ್ಕೆ ಬಿದ್ದು ಎರಡು ತುಂಡಾಯಿತು.

ಮಗಳು ದೊಡ್ಡವಳಾದಳು, ಅದೇ ಕಾರ್ಖಾನೆಯ ಪ್ಯಾಕಿಂಗಿಗೆ ಸೇರಿದಳು, ಅಪ್ಪನ ತಂಡಕ್ಕೂ ಸೇರಿದಳು. ಅವಳ ಕಾಲಿನಲ್ಲಿ ಇದ್ದದ್ದು ತಂಡದ ಉಳಿದ ಯಾರ ಕಾಲಿನಲ್ಲೂ ಇರಲಿಲ್ಲ. ಸ್ಕೇಲಪ್ಪನಿಗೆ ಅದು ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು, ಆದರೆ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅವಳನ್ನು ಮಧ್ಯದ ಸಾಲಿನ ಎಡತುದಿಯಲ್ಲಿ ನಿಲ್ಲಿಸಿದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನೋಡಿದರೆ ಅವಳು ಅಲ್ಲಿರುತ್ತಿರಲಿಲ್ಲ. ಎದುರಾಳಿಗಳ ಎರಡು ಸಾಲುಗಳ ನಡುವೆ ಹೋಗಿ, ಯಾರಿಗೂ ಸೇರದವಳಂತೆ ನಿಂತಿರುತ್ತಿದ್ದಳು. ಬೇರೆಯವರೆಲ್ಲ ಬೆವರು ಸುರಿಸಿ ಓಡುವಾಗ ಇವಳು ನಡೆಯುತ್ತಿದ್ದಳು. ಮಾರುಕಟ್ಟೆಗೆ ಬಂದವಳ ಹಾಗೆ ಒಮ್ಮೆ ಈ ಭುಜದ ಮೇಲಿಂದ, ಒಮ್ಮೆ ಆ ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದಳು. ಆ ನಡಿಗೆ ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಹೀಗೇ ನಡೆಯುತ್ತಿದ್ದವಳನ್ನು ಅರ್ಧಕ್ಕೇ ಹೊರಗೆ ಕರೆಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಮನೆಯೊಳಗಿನ ಜಗಳವಾಗಿ ಮುಗಿಯುತ್ತಿತ್ತು. ಮಾರನೆಯ ದಿನ ಊಟದ ಹೊತ್ತಿಗೆ, ಕ್ಯಾಂಟೀನು ತುಂಬಿರುವಾಗ, ಎಲ್ಲರೆದುರು ಹೇಳಿದ.

"ಇವಳು ಆಡೋದು ಫುಟ್‌ಬಾಲ್ ಅಲ್ಲ, ವಾಕಿಂಗ್. ಸುಮ್ನೆ ನಿಲ್ಲೋದಾದ್ರೆ ಬಸ್ ಸ್ಟಾಪಲ್ಲಿ ನಿಲ್ಲಲಿ. ನನ್ನ ಟೀಮಲ್ಲಿ ಇವಳಿಗೆ ಜಾಗ ಇಲ್ಲ."

ಅಕೌಂಟೆಂಟ್ ಮೊದಲು ನಕ್ಕ. ಅವನು ನಕ್ಕಿದ್ದಕ್ಕೆ ಇನ್ನಿಬ್ಬರು ನಕ್ಕರು. ಮಗಳು ಉಳಿದದ್ದನ್ನು ನಿಧಾನವಾಗಿ ಉಂಡು ಮುಗಿಸಿ, ತಟ್ಟೆ ತೊಳೆದಿಟ್ಟು, ಆಫೀಸಿಗೆ ಹೋಗಿ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಳು. ವಾರದೊಳಗೆ ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಹಿಡಿದಳು, ಅಲ್ಲಿಯ ಹಾಸ್ಟೆಲಿಗೆ ಹಾಸಿಗೆ ಸಾಗಿಸಿದಳು, ಅಲ್ಲಿಯ ತಂಡದಲ್ಲಿ ಆಡತೊಡಗಿದಳು. ಅಪ್ಪನ ಹತ್ತಿರ ಮಾತು ನಿಂತಿತು. ಅವನು ಮಧ್ಯಾಹ್ನದ ಪಾಳಿಯಲ್ಲಿದ್ದಾಗ ಮನೆಗೆ ಬಂದು ಅಮ್ಮನ ಜೊತೆ ಉಂಡು, ಅವನು ಬರುವ ಮೊದಲೇ ಹೊರಟುಬಿಡುತ್ತಿದ್ದಳು. ಸ್ಕೇಲಪ್ಪ ಮನೆಗೆ ಬಂದಾಗ ತೊಳೆದ ತಟ್ಟೆಗಳು ಎರಡು ಇರುತ್ತಿದ್ದವು. ಅವನು ಅದನ್ನು ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಮಗಳಿಲ್ಲದ ಮನೆ ಅವನಿಗೆ ಬಿಕೋ ಎನ್ನುತ್ತಿತ್ತು. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಗಂಡಸರ ಬಗ್ಗೆ ಅವನ ಅಭಿಪ್ರಾಯ ಮೊದಲಿನಿಂದಲೂ ಒಳ್ಳೆಯದಿರಲಿಲ್ಲ, ಈಗ ತಾನೇ ಆ ಗುಂಪಿಗೆ ಸೇರುವುದು ಹೇಗೆ?

ಈ ವರ್ಷ ಊರಿನ ಫುಟ್‌ಬಾಲ್ ಕಪ್ಪಿನ ಫೈನಲಿಗೆ ಬಂದು ನಿಂತದ್ದು ಸೋಪಿನ ಕಾರ್ಖಾನೆ ಮತ್ತು ಆಸ್ಪತ್ರೆ.

ಆಸ್ಪತ್ರೆಯ ತಂಡಕ್ಕೆ ಕೋಚಾಗಿದ್ದವಳು ಅಲ್ಲಿಯ ಫಿಸಿಯೋಥೆರಪಿಸ್ಟ್. ಕಡಿಮೆ ಮಾತಿನ ಹೆಂಗಸು. "ಕತ್ತು ತಿರುಗಿಸೋರಿಗೆ ಆಟ ಏನು ಗೊತ್ತು?" ಎಂದು ಸ್ಕೇಲಪ್ಪ ಮೂಗು ಮುರಿದ. ಅಕೌಂಟೆಂಟ್ ಅವರ ಸೆಮಿಫೈನಲ್ ನೋಡಿಕೊಂಡು ಬಂದು ವರದಿ ಒಪ್ಪಿಸಿದ.

"ಸಾರ್, ಅವರದ್ದು ನಾಲ್ಕು-ನಾಲ್ಕು-ಒಂದು-ಒಂದು. ಮುಂದೆ ಒಬ್ಬಳೇ, ಅವಳ ಹಿಂದೆ ಇನ್ನೊಬ್ಬಳು."

"ಅದೇನು, ಫೋನ್ ನಂಬರಾ?"

"ಆ ಹಿಂದಿನ ಒಂದು..." ಅಕೌಂಟೆಂಟ್ ಮುಂದೆ ಹೇಳಲೋ ಬೇಡವೋ ಎಂದು ಟೀ ಲೋಟದೊಳಗೆ ನೋಡಿದ.

"ಗೊತ್ತು ಯಾರಂತ. ಹೋಗಿ ನಿಮ್ಮ ಕೆಲಸ ನೋಡಿ."

ಫೈನಲಿನ ದಿನ ಬೆಳಿಗ್ಗೆ ಹೆಂಡತಿ ಅವನ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಳು. ಸ್ಕೇಲಪ್ಪ ಮೇಜಿನ ಮೇಲೆ ಸೋಪು ಜೋಡಿಸುತ್ತಿದ್ದ.

"ರೀ, ಇವತ್ತು ಗೆದ್ರೂ ಸರಿ, ಸೋತ್ರೂ ಸರಿ, ಅವಳಿಗೆ ಒಂದು ಮಾತು ಹೇಳಿ," ಎಂದಳು.

"ಏನಂತ?"

"ಚೆನ್ನಾಗಿ ಆಡ್ದೆ ಅಂತ."

"ಆಡಿದ್ರೆ ಹೇಳ್ತೀನಿ."

"ನೀವು ಹೇಳಿದ್ದನ್ನ ನಾನಂತೂ ಇದುವರೆಗೆ ಕೇಳಿಲ್ಲ. ನನಗೆ ಹೇಳ್ಲಿಲ್ಲ, ಹೋಗ್ಲಿ, ನನಗೆ ಅಭ್ಯಾಸ ಆಗಿದೆ. ಅವಳನ್ನ ಬೇರೆ ಊರಿನ ಕ್ಲಬ್ಬಿನೋರು ಕರೆದಿದ್ದಾರೆ. ದೂರದ ಊರು. ಮುಂದಿನ ವಾರ ಹೊರಡ್ತಾಳೆ. ಈಗಲೂ ನೀವು ಬಾಯಿ ಬಿಡದೇ ಇದ್ರೆ ಅವಳು ಹೀಗೇ ಹೋಗ್ತಾಳೆ, ಆಮೇಲೆ ಈ ಮನೆ ಕಡೆ ತಿರುಗಿ ನೋಡಲ್ಲ. ನನ್ನ ಮಗಳು ನನಗೆ ಗೊತ್ತು. ನಿಮ್ಮ ಹಟವೇ ಅವಳಿಗೂ ಬಂದಿದೆ."

ಸ್ಕೇಲಪ್ಪನ ಕೈಯಲ್ಲಿದ್ದ ಸೋಪು ಅಲ್ಲೇ ನಿಂತಿತು. ಎದೆಯಲ್ಲಿ ಏನೋ ಕಳಕ್ಕೆಂದಿತು. ಕಳಕ್ಕೆಂದ ಎದೆಯನ್ನು ಮುಚ್ಚಿಡಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಅಲ್ಲೂ ವಾಕಿಂಗ್‌ಗೇ ಕರೆದಿರ್ಬೇಕು," ಎಂದ.

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ಕಿತ್ತು, ಪ್ಯಾಂಟು ಮಡಿಸಿ ಅವನ ಕೈಗೆ ಕೊಟ್ಟು ಒಳಗೆ ಹೋದಳು. ಬಲಗಾಲಿಗೆ ಮಾತ್ರ ಇಸ್ತ್ರಿಯಾಗಿತ್ತು ಎಂದು ಅವನು ನೋಡಿಕೊಂಡದ್ದು ಮೈದಾನಕ್ಕೆ ಬಂದ ಮೇಲೆ. ಎಡಗಾಲು ಎಮ್ಮೆ ಮೆದ್ದ ಹಾಗೆ ಮುದುರಿಕೊಂಡಿತ್ತು. ಅವನು ಪಂದ್ಯದುದ್ದಕ್ಕೂ ಬಲಗಾಲನ್ನು ಜನರ ಕಡೆಗೆ ಮಾಡಿ ನಿಲ್ಲಬೇಕಾಯಿತು.

ಆಟ ಶುರುವಾದಾಗ ಎಲ್ಲವೂ ಸ್ಕೇಲಪ್ಪನ ಮೇಜಿನ ಮೇಲಿದ್ದಂತೆಯೇ ಇತ್ತು. ಎರಡು ಗೋಡೆಗಳೂ ಒಟ್ಟಿಗೆ ಆ ಕಡೆ ಸರಿದವು, ಒಟ್ಟಿಗೆ ಈ ಕಡೆ ಬಂದವು. ಒಂದು ಕಾರ್ನರ್ ಸಿಕ್ಕಿತು. ಕಾರ್ಖಾನೆಯ ಕ್ಯಾಪ್ಟನ್, ಲೇಬಲ್ ಯಂತ್ರದ ಮೇಲೆ ಕೆಲಸ ಮಾಡುವ ಗಟ್ಟಿಗಿತ್ತಿ, ಎಲ್ಲರ ಬಾಯಲ್ಲಿ ಲೇಬಲ್ ಅಕ್ಕ, ಹಿಂದಿನ ಗೋಡೆಯ ನಡುವಿನ ಇಟ್ಟಿಗೆ, ಮುಂದೆ ಬಂದು ಚೆಂಡಿಗೆ ತಲೆ ಕೊಟ್ಟಳು. ಗೋಲು. ಕಾರ್ಖಾನೆಯವರು ಕುಣಿದರು. ಸ್ಕೇಲಪ್ಪ ಕುಣಿಯಲಿಲ್ಲ. "ನಿಮ್ಮ ಜಾಗಕ್ಕೆ ಹೋಗಿ," ಎಂದ.

ಆಮೇಲೆ ಮಗಳು ನಡೆಯಲು ಶುರು ಮಾಡಿದಳು.

ಬೆನ್ನ ಮೇಲೆ ಹತ್ತನೇ ನಂಬರು. ಕಾರ್ಖಾನೆಯ ಎರಡು ಸಾಲುಗಳ ನಡುವೆ ಬಂದು, ಈ ಭುಜ ಆ ಭುಜ ತಿರುಗಿ ನೋಡಿ, ನಿಂತಳು. ಅವಳ ಮುಂದೆ ನಾಲ್ಕು ಜನ, ಹಿಂದೆ ನಾಲ್ಕು ಜನ, ಅವಳ ಹತ್ತಿರ ಮಾತ್ರ ಒಬ್ಬರೂ ಇಲ್ಲ. ಚೆಂಡು ಅವಳ ಕಾಲಿಗೆ ಬಂತು. ತಿರುಗಲು ಅವಳಿಗೆ ಬೇಕಾದಷ್ಟು ಹೊತ್ತು ಇತ್ತು. ಮಧ್ಯದವರು ಹಿಂದಕ್ಕೆ ಓಡಿ ಬರುವಷ್ಟರಲ್ಲಿ, ಹಿಂದಿನವರು ಮುಂದೆ ಹೋಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ, ಚೆಂಡು ಗೋಲಿನ ಮೂಲೆ ಸೇರಿತ್ತು. ಅವಳು ಕುಣಿಯಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ. ನಡೆದುಕೊಂಡು ತನ್ನ ಕಡೆಗೆ ಹೋದಳು.

"ಅದೃಷ್ಟ ಸಾರ್," ಎಂದ ಅಕೌಂಟೆಂಟ್.

ಅದೃಷ್ಟವಲ್ಲ ಎಂದು ಸ್ಕೇಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ವಿರಾಮದಲ್ಲಿ ಕಾರ್ಖಾನೆಯವರು ಬೆಂಚಿನ ಸುತ್ತ ಕೂತರು. ಯಾರೋ ಸೋಪಿನ ಬುಟ್ಟಿ ತಂದಿಟ್ಟಿದ್ದರು. ಸ್ಕೇಲಪ್ಪ ಬೆಂಚಿನ ಮೇಲೆ ಬಿಳಿ ಸೋಪುಗಳನ್ನು ಜೋಡಿಸುತ್ತಿದ್ದಾಗ ಲೇಬಲ್ ಅಕ್ಕ ಒಂದು ಹಸಿರು ಸೋಪನ್ನು ತೆಗೆದು ಎರಡು ಸಾಲುಗಳ ನಡುವೆ ಇಟ್ಟಳು.

"ಸಾರ್, ಇವಳನ್ನ ಯಾರು ಹಿಡೀಬೇಕು? ನಾನು ಮುಂದೆ ಬಂದ್ರೆ ನನ್ನ ಹಿಂದೆ ತೂತು. ಮಧ್ಯದೋರು ಹಿಂದೆ ಬಂದ್ರೆ ಅವರ ಮುಂದೆ ತೂತು. ನೀವೇ ಹೇಳಿ."

ಅದೇ ಹಸಿರು, ಅದೇ ಜಾಗ. ಸ್ಕೇಲಪ್ಪನ ಕೈ ಅಭ್ಯಾಸಬಲದಿಂದ ಸ್ಕೇಲಿನ ಕಡೆ ಹೋಯಿತು. ಆ ಸೋಪನ್ನು ಬೆಂಚಿನಿಂದ ಆಚೆ ತಳ್ಳಿದರೆ ಆಯಿತು. ಹನ್ನೊಂದು ಮುಖಗಳು ತನ್ನನ್ನೇ ನೋಡುತ್ತಿವೆ ಎಂದು ಗೊತ್ತಾಗಿ ತಳ್ಳಲಿಲ್ಲ. ಯಾರಾದರೂ ಒಬ್ಬರು ಅವಳ ಹಿಂದೆಯೇ ಇರಿ ಎಂದು ಹೇಳಬಹುದಿತ್ತು. ಬೇರೆ ಯಾವ ಕೋಚಾದರೂ ಅಷ್ಟನ್ನು ಹೇಳುತ್ತಿದ್ದ. ಆದರೆ ಹಾಗೆ ಹೇಳಿದರೆ ಅಂಥದ್ದೊಂದು ಜಾಗ ಇದೆ ಎಂದು ಒಪ್ಪಿದಂತೆ. ಆ ಜಾಗ ಇದೆ ಎಂದಾದರೆ ಕ್ಯಾಂಟೀನಿನಲ್ಲಿ ಆಡಿದ ಮಾತಿನ ಗತಿ ಏನು? ಎರಡು ವರ್ಷದ ಆ ಎರಡು ತಟ್ಟೆಗಳ ಗತಿ ಏನು?

"ಯಾರೂ ಹಿಡಿಯೋದು ಬೇಡ," ಎಂದ. "ನಿಮ್ಮ ನಿಮ್ಮ ಜಾಗ ಬಿಡಬೇಡಿ. ಅಷ್ಟು ಮಾಡಿ ಸಾಕು. ನಿಮ್ಮ ಯೋಗ್ಯತೆಗೆ ಅದೇ ಹೆಚ್ಚು."

ಲೇಬಲ್ ಅಕ್ಕ ಹಸಿರು ಸೋಪನ್ನು ಬುಟ್ಟಿಗೆ ಎಸೆದು ಎದ್ದು ಹೋದಳು. ಆ ಎಸೆತದಲ್ಲಿ ಗೌರವ ಇರಲಿಲ್ಲ.

ಎರಡನೇ ಅರ್ಧ ಸ್ಕೇಲಪ್ಪನಿಗೆ ನರಕ. ಚೆಂಡು ಎಲ್ಲಿಂದ ಹೊರಟರೂ ಹತ್ತನೇ ನಂಬರಿನ ಕಾಲಿಗೆ ಬಂದು ಮುಟ್ಟುತ್ತಿತ್ತು. ಒಮ್ಮೆ ಅವಳ ಹೊಡೆತ ಕಂಬಕ್ಕೆ ತಾಗಿ ಠಣ್ ಎಂದಿತು. ಒಮ್ಮೆ ಅವಳು ಕೊಟ್ಟ ಪಾಸನ್ನು ಮುಂದಿನ ಹುಡುಗಿ ಆಕಾಶಕ್ಕೆ ಒದ್ದಳು. ಕಾರ್ಖಾನೆಯ ಎರಡು ಗೋಡೆಗಳು ಬಹಳ ಶಿಸ್ತಿನಿಂದ ಆ ಕಡೆ ಈ ಕಡೆ ಸರಿಯುತ್ತಿದ್ದವು, ನಡುವಿನ ಓಣಿಯಲ್ಲಿ ಮಗಳು ಮನೆಯ ಹಜಾರದಲ್ಲಿ ಓಡಾಡಿದಂತೆ ಓಡಾಡುತ್ತಿದ್ದಳು. ಎದುರಿನ ಬದಿಯಲ್ಲಿ ಫಿಸಿಯೋ ಕೈ ಕಟ್ಟಿಕೊಂಡು ನಿಂತಿದ್ದಳು, ಒಂದು ಮಾತಿಲ್ಲ. ಸುಮ್ಮನಿರುವವರ ಬಗ್ಗೆ ಸ್ಕೇಲಪ್ಪನಿಗೆ ಇದ್ದಷ್ಟು ತಾತ್ಸಾರ ಬೊಬ್ಬೆ ಹಾಕುವವರ ಬಗ್ಗೆಯೂ ಇರಲಿಲ್ಲ. ಆದರೆ ಇವತ್ತು ಆ ಮೌನ ತನ್ನನ್ನೇ ನೋಡಿ ನಗುತ್ತಿದೆ ಎನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕೊಂದದ್ದು ಬೇರೆ ವಿಷಯ. ಅವನ ಕಣ್ಣು ತನ್ನ ತಂಡವನ್ನು ಬಿಟ್ಟು ಅವಳನ್ನೇ ನೋಡುತ್ತಿತ್ತು. ಅವಳು ತಿರುಗಿದ ರೀತಿಗೆ ಒಂದು ಸಲ ಬಾಯಿಂದ "ಭೇಷ್" ಎಂದು ಅರ್ಧ ಹೊರಟೇಬಿಟ್ಟಿತ್ತು. ಕೆಮ್ಮಿ ಮುಚ್ಚಿಕೊಂಡ.

ಮುಗಿಯಲು ಸ್ವಲ್ಪ ಹೊತ್ತಿರುವಾಗ ಅವಳು ಮತ್ತೆ ಅಲ್ಲೇ ನಿಂತು, ಮತ್ತೆ ಚೆಂಡು ಪಡೆದು, ಮತ್ತೆ ತಿರುಗಿದಳು. ಗೋಲಿ ಹಾರಿ ಬೆರಳ ತುದಿಯಲ್ಲಿ ಚೆಂಡನ್ನು ಹೊರಗೆ ತಳ್ಳಿದಳು. ಸ್ಕೇಲಪ್ಪನ ತಾಳ್ಮೆ ಕೆಟ್ಟಿತು. ತಾನು ಕಟ್ಟಿದ ಗೋಡೆಗಳನ್ನು ಮರೆತು, ಇಸ್ತ್ರಿಯಿಲ್ಲದ ಎಡಗಾಲನ್ನೂ ಮರೆತು ಗೆರೆಯ ಹತ್ತಿರ ಓಡಿ ಕೂಗಿದ.

"ಲೇಬಲ್, ಆ ಹತ್ತನೇ ನಂಬರ್ ಹಿಂದೆ ಹೋಗು. ಎಲ್ಲಿ ಹೋದ್ರೂ ಬಿಡಬೇಡ. ಬೇರೆಲ್ಲ ಬಿಟ್ಟು ಅವಳನ್ನ ಹಿಡಿ."

ಇಡೀ ಮೈದಾನಕ್ಕೆ ಕೇಳಿಸಿತು. ಕಾರ್ಖಾನೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಗೋಡೆಯಿಂದ ಇಟ್ಟಿಗೆ ಎದ್ದು ಹೋಗು ಎಂದು ಈ ಮನುಷ್ಯ ಹೇಳಿದ್ದನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಮಗಳು ನಿಂತು ಅಪ್ಪನ ಕಡೆ ತಿರುಗಿದಳು. ಎರಡು ವರ್ಷದಲ್ಲಿ ಅವನ ಮುಖವನ್ನು ಅವಳು ನೇರವಾಗಿ ನೋಡಿದ್ದು ಅದೇ ಮೊದಲು.

ಲೇಬಲ್ ಅಕ್ಕ ಬಂದು ಅವಳ ಬೆನ್ನಿಗೆ ಅಂಟಿಕೊಂಡಳು. ಹೆಸರಿಗೆ ತಕ್ಕಂತೆ ಅಂಟಿಸುವುದರಲ್ಲಿ ಅವಳ ಕೈ ಪಳಗಿತ್ತು. ಇನ್ನು ಮಗಳಿಗೆ ಚೆಂಡು ಸಿಗುವಂತಿರಲಿಲ್ಲ. ಮಗಳು ಕೇಳಲೂ ಇಲ್ಲ. ಬದಲಿಗೆ ನಡೆಯತೊಡಗಿದಳು. ಆ ಓಣಿಯಿಂದ ಹೊರಗೆ, ಬದಿಯ ಗೆರೆಯ ಕಡೆಗೆ, ಅಪ್ಪ ನಿಂತಿದ್ದ ಕಡೆಗೇ, ಸಂಜೆಯ ಗಾಳಿಗೆ ಹೊರಟವಳಂತೆ ನಿಧಾನವಾಗಿ ನಡೆದು ಬಂದಳು. ಎಲ್ಲಿ ಹೋದರೂ ಬಿಡಬೇಡ ಎಂದಿದ್ದರಲ್ಲ, ಲೇಬಲ್ ಅಕ್ಕ ಬಿಡದೆ ಹಿಂದೆಯೇ ಬಂದಳು.

ಸ್ಕೇಲಪ್ಪನಿಗೆ ಆಗ ಹೊಳೆಯಿತು. ತಲೆ ಎತ್ತಿ ತನ್ನ ಗೋಡೆಯನ್ನು ನೋಡಿದ. ಲೇಬಲ್ ಅಕ್ಕ ನಿಲ್ಲಬೇಕಿದ್ದ ಕಡೆ, ಗೋಲಿನ ನೇರಕ್ಕೆ, ಎತ್ತಿನ ಗಾಡಿ ಹೋಗುವಷ್ಟು ಬಾಗಿಲು ತೆರೆದಿತ್ತು. ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಆಸ್ಪತ್ರೆಯವರು ಚೆಂಡನ್ನು ಆ ಬಾಗಿಲಿಗೆ ತಳ್ಳಿದ್ದರು. ಅವರ ಮುಂದಿನ ಹುಡುಗಿ ಎದುರಿಗೆ ಯಾರೂ ಇಲ್ಲದೆ ಓಡಿ, ಕಾಲು ಚಾಚಿ ಮುಟ್ಟಿಸಿದಳು. ಗೋಲು.

ಆಸ್ಪತ್ರೆಯವರೆಲ್ಲ ಓಡಿ ಹೋಗಿ ಆ ಹುಡುಗಿಯ ಮೇಲೆ ಬಿದ್ದರು. ಬೆಂಚಿನಿಂದ ಎದ್ದವರು ಅವಳ ಹೆಸರು ಕೂಗಿದರು. ಮಗಳು ಮಾತ್ರ ಗೆರೆಯ ಹತ್ತಿರ, ಅಪ್ಪನಿಂದ ಕೈಯಳತೆಯ ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಅವಳನ್ನು ತಬ್ಬಲು ಯಾರೂ ಬರಲಿಲ್ಲ. ಆ ಹೊತ್ತಿಗೆ ಕಾರ್ಖಾನೆಯ ಕಡೆಯ ಜನದಲ್ಲಿ ನಿಜವಾಗಿ ಏನಾಯಿತು ಎಂದು ತಿಳಿದಿದ್ದವನು ಸ್ಕೇಲಪ್ಪ ಒಬ್ಬನೇ.

ಅಕೌಂಟೆಂಟ್ ಸಮಾಧಾನ ಮಾಡಲು ಹತ್ತಿರ ಬಂದ. "ಬಿಡಿ ಸಾರ್. ನೀವು ಹೇಳಿದ ಹಾಗೇ ಹತ್ತನೇ ನಂಬರ್‌ನ ಕಟ್ಟಿಹಾಕಿದ್ವಿ. ಈ ಗೋಲಲ್ಲಿ ಅವಳದ್ದು ಏನೂ ಇಲ್ಲ. ಅವಳು ಪಾಪ ಇಲ್ಲೇ ವಾಕಿಂಗ್ ಮಾಡ್ತಿದ್ಲು."

ತನ್ನದೇ ಮಾತು, ಎರಡು ವರ್ಷ ಹಳೆಯದು, ಇವನ ಬಾಯಿಂದ ಎಂಜಲಾಗಿ ವಾಪಸು ಬಂತು. ಸ್ಕೇಲಪ್ಪನಿಗೆ ಅಸಹ್ಯವಾಯಿತು. ಅಕೌಂಟೆಂಟನ ಮೇಲೆ ಆದಷ್ಟೇ ತನ್ನ ಮೇಲೂ ಆಯಿತು. ಹೊಗಳುವ ಭಾಷೆ ಅವನಿಗೆ ಯಾರೂ ಕಲಿಸಿರಲಿಲ್ಲ. ಬರುತ್ತಿದ್ದ ಒಂದೇ ಭಾಷೆಯಲ್ಲಿ ಹೇಳಿದ.

"ರೀ ಅಕೌಂಟೆಂಟ್ರೇ, ಕಣ್ಣು ಎಲ್ಲಿಟ್ಟಿದ್ರಿ? ಆ ಹುಡುಗಿ ಬರೀ ಕಾಲು ಚಾಚಿದ್ಲು, ಅಷ್ಟನ್ನ ನೀವೂ ಮಾಡ್ತೀರ. ಗೋಲು ಹೊಡೆದದ್ದು ಇವಳು. ಬಾಲು ಮುಟ್ಟದೆ ಗೋಲು ಹೊಡೆಯೋದನ್ನ ನಿಮ್ಮ ಜನ್ಮದಲ್ಲಿ ನೋಡಿದ್ದೀರಾ? ನೋಡಿರೋದಿಲ್ಲ. ಎದುರಿಗೇ ನಡೆದ್ರೂ ಕಾಣಲ್ಲ ನಿಮಗೆ. ಹತ್ತಕ್ಕೆ ಒಂದು ಸೇರಿಸೋಕೆ ಬರದೇ ಇರೋರು ನೀವು."

ಮಗಳು ಕತ್ತು ತಿರುಗಿಸಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ಚಿಕ್ಕವಳಿದ್ದಾಗಲೂ ಹಾಗೇ, ಅಳು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು ಎಂದು ಸ್ಕೇಲಪ್ಪನಿಗೆ ನೆನಪಾಯಿತು.

ಲೇಬಲ್ ಅಕ್ಕ ಇನ್ನೂ ಅವಳ ಬೆನ್ನಿಗೇ ನಿಂತಿದ್ದಳು, ಏದುಸಿರು ಬಿಡುತ್ತ. "ಸಾರ್, ಈಗ ಇವಳನ್ನ ಹಿಡೀಲಾ, ಬಿಡ್ಲಾ?"

ಸ್ಕೇಲಪ್ಪ ಜೇಬಿನ ಸ್ಕೇಲನ್ನು ಮುಟ್ಟಿ ನೋಡಿಕೊಂಡ. ಅದು ಈಗ ಯಾವ ಕೆಲಸಕ್ಕೂ ಬರುವಂತಿರಲಿಲ್ಲ.

"ಹಿಡಿದ್ರೂ ಗೋಲು, ಬಿಟ್ರೂ ಗೋಲು," ಎಂದ. ಹೇಳಿದ್ದು ಲೇಬಲ್ ಅಕ್ಕನಿಗೆ, ನೋಡುತ್ತಿದ್ದದ್ದು ಮಗಳ ಕೆಂಪು ಕಿವಿಯನ್ನು. "ಇವಳು ನಿಲ್ಲೋ ಜಾಗ ಅಂಥದ್ದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಯಾವತ್ತೂ ಇರ್ಲಿಲ್ಲ."

ಮಗಳು ಆಗ ತಿರುಗಿದಳು. ಮೇಲಿಂದ ಕೆಳಗಿನವರೆಗೆ ಅವನನ್ನು ಒಮ್ಮೆ ನೋಡಿದಳು, ಅವನು ಜನರನ್ನು ನೋಡುತ್ತಿದ್ದ ಹಾಗೆಯೇ. ಕಣ್ಣು ಒಂದು ಕಾಲಿಗೆ ಮಾತ್ರ ಇಸ್ತ್ರಿಯಾಗಿದ್ದ ಪ್ಯಾಂಟಿನ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಇದನ್ನ ನಾನು ಎರಡನೇ ಕ್ಲಾಸಲ್ಲೇ ಹೇಳಿದ್ದೆ, ಅಪ್ಪ," ಎಂದಳು.

ರೆಫರಿ ಸೀಟಿ ಊದಿ ಎಲ್ಲರನ್ನೂ ಅವರವರ ಕಡೆಗೆ ಕರೆದ. ಉಳಿದವರು ಓಡಿದರು. ಮಗಳು ಓಡಲಿಲ್ಲ, ನಡೆದುಕೊಂಡು ಹೋದಳು. ಸ್ಕೇಲಪ್ಪ ಆ ನಡಿಗೆಯನ್ನು ಅವಳು ತನ್ನ ಜಾಗ ಮುಟ್ಟುವವರೆಗೂ ನೋಡಿದ.